ಮೂರನೇ ಕೇಸು

ಗುರುವಾರ ನಾಲ್ಕು ಗಂಟೆಗೆ
ಕಾರವಾರದ ದೊಡ್ಡಾಸ್ಪತ್ರೆಯ ಹಳೇ ಎಕ್ಸ್‌ರೇ ಕೋಣೆಯಲ್ಲಿ
ಪರದೆ ಹೊತ್ತಿಕೊಳ್ಳುತ್ತದೆ.
ಒಂದೊಂದೇ ಚೌಕದಲ್ಲಿ ಒಂದೊಂದೇ ಮುಖ:
ಮಂಗಳೂರು, ಹುಬ್ಬಳ್ಳಿ, ಕಠ್ಮಂಡು,
ಕೊನೆಗೆ, ಸ್ವಲ್ಪ ತಡವಾಗಿ, ಕಿಸುಮು.
ಅಲ್ಲಿ ಈಗಷ್ಟೇ ಊಟದ ಹೊತ್ತು,
ಡಾಕ್ಟರಮ್ಮ ಇನ್ನೂ ಏನೋ ಅಗಿಯುತ್ತಿದ್ದಾರೆ.

ನನ್ನ ಕೆಲಸ ಓದುವುದು.
ಹೆಸರು ಹೇಳಬಾರದು, ನಿಯಮ.
"ಮೂರನೇ ಕೇಸು. ಹೆಂಗಸು. ಐವತ್ತೊಂದು.
ಬಲ ಸ್ತನ. ಎರಡೂವರೆ ಸೆಂಟಿಮೀಟರು.
ಕಂಕುಳಲ್ಲಿ ಕೈಗೆ ಏನೂ ಸಿಗುತ್ತಿಲ್ಲ."
ಇಷ್ಟು ಓದಲು ಹನ್ನೊಂದು ಸೆಕೆಂಡು.
ಇಷ್ಟನ್ನು ಬಾಯಿಬಿಟ್ಟು ಹೇಳಲು
ಚಂದ್ರಭಾಗಾ ತಗೊಂಡದ್ದು
ಒಂದು ಮಳೆಗಾಲ, ಒಂದು ಬೇಸಗೆ.

ಡಾಕ್ಟರ್ ಅಫ್ರೀನ್ ಶಾಬಂದರಿ ಸೂಕ್ಷ್ಮದರ್ಶಕದ ಕಣ್ಣಿಗೆ
ತಮ್ಮ ಫೋನಿನ ಕಣ್ಣು ತಾಗಿಸಿ ತೆಗೆದ ಚಿತ್ರ
ಪರದೆ ತುಂಬ ಹರಡಿತು,
ಬಿಳಿ ಬಟ್ಟೆಗೆ ಮುರುಗಲ ಹಣ್ಣಿನ ಕಲೆ ಹತ್ತಿದ ಹಾಗೆ.
ಅದರ ಜೋಡಿ ಗಾಜು ಹೋದ ವಾರ
ಹತ್ತಿಯಲ್ಲಿ ಸುತ್ತಿಕೊಂಡು, ಬಸ್ಸಿನ ಕಂಡಕ್ಟರನ ಜೇಬಿನಲ್ಲಿ
ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿತ್ತು.
"ಮುಟ್ಟಿದೆ," ಎಂದಿತು ಹುಬ್ಬಳ್ಳಿ. "ಒಡೆದಿಲ್ಲ."

ಮಂಗಳೂರು ಹಿರಿಯರು, ಮಾತು ಚುಟುಕು:
"ಗಾಮಾ ಯಂತ್ರ ಅಲ್ಲಿಲ್ಲ. ಹುಡುಕುವುದು ಹೇಗೆ?
ಹಾಗಾದರೆ ಕಂಕುಳು ಪೂರ್ತಿ ತೆಗೆ..."
ಅನ್ನುವಾಗಲೇ ಚೌಕ ಹೆಪ್ಪುಗಟ್ಟಿತು,
ಬಾಯಿ ಅರ್ಧ ತೆರೆದು, ಒಂದು ಕೈ ಗಾಳಿಯಲ್ಲಿ.
ನೆಟ್ ಹೋದದ್ದು ಒಳ್ಳೆಯದೇ ಆಯಿತೆಂದು
ಈವರೆಗೆ ಯಾರ ಹತ್ತಿರವೂ ಹೇಳಿಲ್ಲ ನಾನು.
ಆ ಸಂದಿಯಲ್ಲಿ ಕಿಸುಮು ಕೇಳಿತು:
"ಆಕೆ ಏನು ಕೆಲಸ ಮಾಡುತ್ತಾಳೆ?"

ಫಾರ್ಮಿನಲ್ಲಿತ್ತು: ಗೃಹಿಣಿ.
ಬರೆದವಳು ನಾನೇ.

ಮೈಕಿನ ಮೇಲಿನ ಕೆಂಪು ಗೆರೆ ಒರೆಸಿ
ಹೇಳಿದೆ, ನನ್ನ ಮುರುಕು ಇಂಗ್ಲಿಷಿನಲ್ಲಿ:
ನೀರು ಇಳಿದಾಗ ಸುಂಕೇರಿಯ ಕೆಳಗೆ
ಕಾಳಿ ನದಿಯ ಕೆಸರಲ್ಲಿ ಸೊಂಟದವರೆಗೆ ನಿಂತು
ಬಲಗೈ ಇಳಿಬಿಟ್ಟು, ಕಣ್ಣು ಎಲ್ಲೋ ಇಟ್ಟು,
ಬೆರಳಲ್ಲೇ ನೋಡುತ್ತ ತಿಸ್ರೆ ಹೆಕ್ಕುತ್ತಾಳೆ.
ಚಿಪ್ಪು ಕೊಯ್ಯದ ದಿನವಿಲ್ಲ.
ಗುಪ್ಪೆಗೆ ಇಷ್ಟೆಂದು ಮಾರಿ ಎರಡು ಮನೆ ನಡೆಸುತ್ತಾಳೆ.
ಮೊದಲ ದಿನ ಗಂಟಿನ ಸುದ್ದಿ ಕೇಳಿ ಅವಳು
ಜೀವದ ಮಾತೆತ್ತಲಿಲ್ಲ, ಮೊಲೆಯ ಮಾತೆತ್ತಲಿಲ್ಲ.
"ಹಾತ್ ಉರ್ತಲೊ ನ್ಹೈ ಗೋ?" ಅಂದಳು.
ಕೈ ಉಳೀತದಲ್ಲ?

ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು.
ಕಠ್ಮಂಡುವಿನಲ್ಲಿ ಎಲ್ಲೋ ಒಂದು ನಾಯಿ ಬೊಗಳಿತು.

"ನಮ್ಮ ಕೆರೆದಂಡೆಯಲ್ಲೂ," ಅಂದಿತು ಕಿಸುಮು
(ಕೆರೆಯಂತೆ! ಸಮುದ್ರದಷ್ಟಿದೆ ಅದು, ಆಮೇಲೆ ನಕ್ಷೆ ನೋಡಿದೆ)
"ಮೀನು ಸೀಳುವ ಹೆಂಗಸರು. ಕಂಕುಳು ಬರಿದು ಮಾಡಿದರೆ
ತೋಳು ಬಾತು ಬಾಳೆದಿಂಡಾಗುತ್ತದೆ,
ಒಂದು ಗೀರು ಸಾಕು, ಜ್ವರ, ಕೀವು.
ನೀಲಿ ಇದೆಯೇ ನಿಮ್ಮಲ್ಲಿ, ಮೆಥಿಲೀನ್ ನೀಲಿ?
ಚಹಾದಷ್ಟು ಅಗ್ಗ. ಗಂಟಿನ ಹತ್ತಿರ ಚುಚ್ಚಿ, ತಿಕ್ಕಿ, ಕಾಯಿರಿ.
ಮೊದಲು ಕುಡಿದ ಗ್ರಂಥಿಗಳನ್ನಷ್ಟೇ ತೆಗೆದು ನೋಡಿ.
ಅವು ಶುದ್ಧವಿದ್ದರೆ ಉಳಿದದ್ದು ಅವಳದೇ."

ಮಂಗಳೂರು ಮರಳಿ ಬಂತು, ಕೈ ಕೆಳಗಿಳಿಯಿತು.
"ಏನೆಂದಿರಿ? ಕೇಳಿಸಲಿಲ್ಲ."
ಮತ್ತೆ ಎಲ್ಲ ಹೇಳಿದೆವು.
ಅವರು ಕನ್ನಡಕ ತೆಗೆದು ಒರೆಸಿಕೊಂಡು,
"ನೀಲಿಯೇ ಆಗಲಿ. ಸಿಕ್ಕದಿದ್ದರೆ ಮಾತ್ರ..."
ಆ ವಾಕ್ಯ ಮುಗಿಯಲಿಲ್ಲ. ಅದಕ್ಕೆ ನೆಟ್ ಕಾರಣವಲ್ಲ.

ಫಾರ್ಮಿನಲ್ಲಿ ಗೃಹಿಣಿ ಹೊಡೆದುಹಾಕಿ ಬರೆದೆ:
ತಿಸ್ರೆ. ಬಲಗೈ.
ನಾಲ್ಕನೇ ಕೇಸು ಓದಲು ಬಾಯಿ ತೆರೆದೆ.

ಸಂಜೆ ವರಾಂಡದ ಬೆಂಚಿನಲ್ಲಿ ಅವಳು.
ಆರು ಮಂದಿ ಡಾಕ್ಟರು ನಿನ್ನ ಬಗ್ಗೆ ಮಾತಾಡಿದರು ಅಂದೆ.
"ಆರು ಜನವಾ? ಫೀಸು ಯಾರು ಕೊಡ್ತಾರೆ?"
ನೀಲಿಯ ವಿಷಯ ಹೇಳಿದೆ. ಮಂಗಳವಾರ ಅಂದೆ.
ಬೆರಳು ಮಡಚಿ ಎಣಿಸಿದಳು.
"ಅಮಾಸೆ ಬಂತು. ದೊಡ್ಡ ಇಳಿತ, ನಾಲ್ಕು ದಿನ.
ಅದು ಮುಗಿದ ಮೇಲೆ ಬರ್ತೆ."

ವಿಳಂಬಕ್ಕೆ ಕಾರಣ ಎಂಬ ಕಲಂ ಕೆಳಗೆ
ನೆಂಟರ ಮದುವೆ, ಹಣದ ತೊಂದರೆ, ಭಯ,
ಗುರುತು ಹಾಕಲು ಮೂರೇ ಚೌಕ.
ಬದಿಯ ಬಿಳಿ ಜಾಗದಲ್ಲಿ, ಚಿಕ್ಕ ಅಕ್ಷರದಲ್ಲಿ,
ಇಳಿತ ಎಂದು ಬರೆದೆ.
ಮುಂದಿನ ಗುರುವಾರ ಇದನ್ನೂ ಓದಬೇಕು.